ಬೇರೆ ಊರಲ್ಲಿ ಹೊಸ ಕೆಲಸ, ಮೊದಲ ಮನೆ: ಹೋಮ್ ಲೋನ್ ಏಜೆನ್ಸಿಗೆ ನನ್ನ ಅಂಕ 5ಕ್ಕೆ 3

ಕೆಲಸ ಬದಲಾಯಿಸಿ ಬೇರೆ ಊರಿಗೆ ಹೋಗಿ ಅಲ್ಲೇ ಮೊದಲ ಮನೆ ಕೊಳ್ಳುವವರ ಫೈಲ್ ಕಂಡರೆ ಸಾಲ ಕೊಡುವವರಿಗೆ ಅನುಮಾನ ಜಾಸ್ತಿ. ಹಳೇ ಕೆಲಸಕ್ಕೆ ಸ್ಯಾಲರಿ ಸ್ಲಿಪ್ ಇದೆ, ಆದರೆ ಆ ಸಂಬಳ ಇನ್ನು ಬರುವುದಿಲ್ಲ. ಹೊಸ ಕೆಲಸದ ಸಂಬಳ ಬರುತ್ತದೆ, ಆದರೆ ಅದಕ್ಕೆ ಸ್ಲಿಪ್ ಇಲ್ಲ. ಬಹಳ ಕಡೆ ಹಿಂದಿನ 2 ವರ್ಷದ ಕೆಲಸದ ವಿವರ, ಇತ್ತೀಚಿನ ಸ್ಲಿಪ್‌ಗಳು, ಸಂಬಳ ಜಮಾ ಆದ ಖಾತೆಯ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅದೆಲ್ಲ ಕೊಟ್ಟರೂ ಮುಂದಿನ ಇಎಂಐ ಎಲ್ಲಿಂದ ಕಟ್ಟುತ್ತೀರಿ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಇಂಥ ಫೈಲ್‌ಗಳನ್ನೇ ನೋಡಿಕೊಳ್ಳುತ್ತೇವೆ ಅನ್ನುವ ಒಂದು ಏಜೆನ್ಸಿ ಮೂಲಕ ನಾನು ಸಾಲ ಮಾಡಿಸಿದೆ. ಹೆಸರು ಬೇಡ, ಸೇವೆ ಹೇಗಿತ್ತು ಅಂತ ಹೇಳುತ್ತೇನೆ.

ಮೊದಲು ಒಳ್ಳೆಯದು. ಅಲ್ಲಿ ಕಾಗದ ನೋಡುವ ಮೇಡಂ ಒಬ್ಬರಿದ್ದರು. ನನ್ನ ಆಫರ್ ಲೆಟರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದರು. ಎರಡನೇ ಪುಟದ ಕೊನೆಯಲ್ಲಿ, ಹಿನ್ನೆಲೆ ಪರಿಶೀಲನೆ ಮುಗಿದ ಮೇಲಷ್ಟೇ ಈ ಆಫರ್ ಊರ್ಜಿತ ಅಂತ ಒಂದು ಸಾಲಿತ್ತು. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, "ಇದು ಇರುವವರೆಗೂ ಇದು ಕೆಲಸ ಅಲ್ಲ ಸಾರ್, ಕೆಲಸ ಕೊಡಬಹುದು ಅನ್ನುವ ಮಾತು ಅಷ್ಟೇ" ಅಂದರು. ನಿಜ ಅಲ್ವಾ? ಪರಿಶೀಲನೆ ಮುಗಿದಿದೆ, ಯಾವ ಷರತ್ತೂ ಬಾಕಿ ಇಲ್ಲ ಅಂತ ಕಂಪನಿಯ ಲೆಟರ್‌ಹೆಡ್‌ನಲ್ಲಿ ಹೊಸ ಪತ್ರ ತರಿಸಿ ಅಂದರು. ಅದರಲ್ಲಿ ಏನೇನಿರಬೇಕು ಅನ್ನುವುದನ್ನೂ ಅವರೇ ಬರೆದುಕೊಟ್ಟರು: ಹುದ್ದೆ, ಕಾಯಂ ಕೆಲಸವೋ ಕಾಂಟ್ರಾಕ್ಟೋ, ಸೇರುವ ದಿನ, ಪ್ರೊಬೇಷನ್ ಇದ್ದರೆ ಎಷ್ಟು ತಿಂಗಳು, ಕೆಲಸ ಮಾಡುವ ಊರು. ಊರಿನ ಹೆಸರಿಗೆ ಯಾಕಿಷ್ಟು ಮಹತ್ವ ಅಂದರೆ, ಆಫೀಸು ಒಂದೂರಲ್ಲಿ ಮನೆ ಇನ್ನೊಂದೂರಲ್ಲಿ ಅಂತಾದರೆ ದಿನಾ ಹೇಗೆ ಹೋಗಿ ಬರುತ್ತೀರಿ ಅಂತ ಕೇಳುತ್ತಾರೆ, ಮನೆಯಿಂದಲೇ ಕೆಲಸ ಅಂದರೆ ಅದಕ್ಕೂ ಕಂಪನಿಯಿಂದ ಲಿಖಿತ ಒಪ್ಪಿಗೆ ಬೇಕಾಗುತ್ತದೆ.

ಸಂಬಳದ ವಿಷಯದಲ್ಲೂ ಅವರು ಖಡಕ್. ಪತ್ರದಲ್ಲಿದ್ದ ವರ್ಷದ ಒಟ್ಟು ಮೊತ್ತ ನೋಡಿ ನಾನು ದೊಡ್ಡ ಸಾಲದ ಲೆಕ್ಕ ಹಾಕಿದ್ದೆ. ಅವರು ಜಾಯಿನಿಂಗ್ ಬೋನಸ್ ಪಕ್ಕಕ್ಕಿಟ್ಟರು, ಕೆಲಸ ನೋಡಿ ಕೊಡುವ ಇನ್ಸೆಂಟಿವ್ ಪಕ್ಕಕ್ಕಿಟ್ಟರು, ಊರು ಬದಲಿಸಲು ಕಂಪನಿ ಕೊಡುವ ಖರ್ಚನ್ನೂ ತೆಗೆದರು. ಉಳಿದದ್ದು ತಿಂಗಳ ಖಾಯಂ ಸಂಬಳ. ಬೇಜಾರಾಯಿತು, ಆದರೆ ಬ್ಯಾಂಕಿನವರು ಆಮೇಲೆ ಹಿಡಿದದ್ದೂ ಹೆಚ್ಚುಕಮ್ಮಿ ಅದೇ ಅಂಕಿ. ಇಷ್ಟಕ್ಕೇ ನಿಂತಿದ್ದರೆ ಪೂರ್ತಿ 5 ಕೊಡುತ್ತಿದ್ದೆ.

ಆದರೆ ಫೈಲ್ ಬ್ಯಾಂಕಿಗೆ ಹೋದ ಮೇಲೆ ಏಜೆನ್ಸಿಯವರು ಪತ್ತೆಯಿಲ್ಲ. ಸ್ಯಾಂಕ್ಷನ್ ಆಯಿತು ಅಂದರೆ ಎಲ್ಲ ಮುಗಿಯಿತು ಅಂತಲ್ಲ, ದುಡ್ಡು ಬಿಡುಗಡೆ ಮಾಡುವ ಮೊದಲು ಬಹಳ ಬ್ಯಾಂಕುಗಳು ಇವನು ಇನ್ನೂ ಅಲ್ಲೇ ಇದ್ದಾನಾ ಅಂತ ಕಂಪನಿಗೆ ಮತ್ತೆ ಕೇಳುತ್ತವೆ. ಏಜೆನ್ಸಿ ಕೊಟ್ಟದ್ದು ಎಚ್‌ಆರ್ ಒಬ್ಬರ ಮೊಬೈಲ್ ನಂಬರ್. ಬ್ಯಾಂಕ್ ಅದನ್ನು ಒಪ್ಪಲಿಲ್ಲ, ಕಂಪನಿಯ ವೆಬ್‌ಸೈಟ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿತು. ರಿಸೆಪ್ಷನ್‌ನಲ್ಲಿ ಎತ್ತಿದವರು ಕಂಪ್ಯೂಟರಿನಲ್ಲಿ ಹುಡುಕಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದರಂತೆ! ನಾನು ಸೇರಿ ಇನ್ನೂ ಹೊಸತು, ಪಟ್ಟಿಗೆ ಹೆಸರೇ ಏರಿರಲಿಲ್ಲ. ಫೈಲ್ ನಿಂತಿತು. ಇತ್ತ ಮನೆ ಮಾರುವವರು ದಿನಾ ಫೋನ್ ಮಾಡಿ ದುಡ್ಡು ಯಾವಾಗ ಅಂತ ಕೇಳುತ್ತಿದ್ದರು. ಕೊನೆಗೆ ನಾನೇ ಎಚ್‌ಆರ್ ಕೈಕಾಲು ಹಿಡಿದು ಕಂಪನಿಯ ಮೇಲ್‌ನಿಂದ ಬ್ಯಾಂಕಿಗೆ ಉತ್ತರ ಹಾಕಿಸಿದೆ. ಇದೇ ನಮ್ಮ ಕಸುಬು ಅನ್ನುವವರಿಗೆ ಇಷ್ಟು ಗೊತ್ತಿರಬೇಡವೇ? ಆ ಹೊತ್ತಿಗೆ ಮೇಡಂ ಬೇರೆ ಫೈಲಿಗೆ ಹೋಗಿದ್ದರು, ನಮ್ಮದನ್ನು ನೋಡುತ್ತಿದ್ದ ಹುಡುಗನಿಗೆ "ಪ್ರೋಸೆಸ್‌ನಲ್ಲಿದೆ ಸಾರ್" ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ.

ಇನ್ನೊಂದು. ನನ್ನಿಂದ ಫೀಸ್ ತೆಗೆದುಕೊಳ್ಳಲಿಲ್ಲ, ಅವರ ಕಮಿಷನ್ ಬ್ಯಾಂಕ್ ಕೊಡುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ತಮ್ಮ ಜೊತೆ ಒಪ್ಪಂದ ಇರುವ ಬ್ಯಾಂಕುಗಳನ್ನಷ್ಟೇ ತೋರಿಸುತ್ತಾರೆ ಅಂತ ಕೇಳುವವರೆಗೂ ಬಾಯಿ ಬಿಡಲಿಲ್ಲ.

ಒಂದೇ ಕಂಪನಿಯಲ್ಲಿ ವರ್ಗವಾಗಿ ಹೋಗುವವರು ಸುಮ್ನೆ ಇವರ ಹತ್ತಿರ ಹೋಗಬೇಡಿ. ಹಳೇ ಸ್ಲಿಪ್‌ಗಳ ಜೊತೆ ವರ್ಗಾವಣೆ ಪತ್ರ ಇಟ್ಟು ನೇರವಾಗಿ ಬ್ಯಾಂಕಿಗೆ ಕೊಡಿ. ಸ್ವಂತ ಉದ್ಯೋಗದವರ ಕಾಗದಪತ್ರವೇ ಬೇರೆ, ಅದರಲ್ಲಿ ಇವರು ಹೇಗೋ ನಾನು ನೋಡಿಲ್ಲ. ಹೊಸ ಕಂಪನಿ, ಹೊಸ ಊರು, ಕೈಯಲ್ಲಿ ಆಫರ್ ಲೆಟರ್ ಮಾತ್ರ ಅನ್ನುವವರು ಹೋಗಬಹುದು. ಆದರೆ ನಿಮ್ಮ ಫೈಲ್ ಕೊನೆಯವರೆಗೂ ಯಾರು ನೋಡುತ್ತಾರೆ ಅಂತ ಹೆಸರು ಕೇಳಿಟ್ಟುಕೊಳ್ಳಿ, ವೆರಿಫಿಕೇಷನ್‌ಗೆ ಕಂಪನಿಯ ಯಾವ ಮೇಲ್ ಐಡಿ ಕೊಡಬೇಕು ಅಂತ ನಿಮ್ಮ ಎಚ್‌ಆರ್ ಜೊತೆ ಮೊದಲೇ ಮಾತಾಡಿ.