ಹೆಲ್ಮೆಟ್ ಕೇಳಿದ್ದಕ್ಕೆ ಟೋಪಿ ಹಾಕಿದರು

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಸೈಕಲ್ ಹೆಲ್ಮೆಟ್ ತಗೊಂಡು ಬನ್ನಿ, ಮಗುಚಿ ಹಿಡಿಯಿರಿ, ಒಳಗಿನ ಪ್ಯಾಡ್ ಎಬ್ಬಿಸಿ ಲೇಬಲ್ ಓದಿ. ಇಎನ್ 1078 (ಸೈಕಲ್ ಹೆಲ್ಮೆಟ್ಟಿನ ಯುರೋಪಿಯನ್ ಮಾನದಂಡದ ನಂಬರ್) ಅಂತ ಇದ್ದರೆ ಸರಿ, ಮುಂದಿನದನ್ನು ನಿಧಾನಕ್ಕೆ ಓದಿ. ಇಎನ್ 812 ಅಂತ ಇದ್ದರೆ ನಾಳೆ ಬೆಳಿಗ್ಗೆ ಅದನ್ನು ಹಾಕ್ಕೊಂಡು ರೋಡಿಗೆ ಇಳಿಯಬೇಡಿ. ಅದು ಸೈಕಲ್ ಹೆಲ್ಮೆಟ್ಟೇ ಅಲ್ಲ.

ಬೆಂಗಳೂರಿನ ಒಂದು ಅಂಗಡಿ. ಹೆಸರು ಹೇಳಲ್ಲ. ಹೇಳಿದರೂ ನಾಳೆ ಬೇರೆ ಬೋರ್ಡ್ ಹಾಕ್ಕೊಂಡು ಇದೇ ಮಾಲು ಮಾರ್ತಾರೆ. ಕೇಳಿದ್ದು ಇಷ್ಟೇ: "ದಿನಾ ಆಫೀಸಿಗೆ ಸೈಕಲ್ಲು, 58 ಸೆಂ.ಮೀ. ತಲೆ, ಇಎನ್ 1078 ಇರೋ ಅರ್ಬನ್ ಮಾಡೆಲ್ ತೋರಿಸಿ." ನಂಬರ್ ಸಮೇತ ಕೇಳಿದ್ದೆ. ಅದೇ ಈಗ ಹೊಟ್ಟೆ ಉರಿಸೋದು. ಏನೂ ಗೊತ್ತಿಲ್ಲದೆ ಮೋಸ ಹೋದರೆ ಒಂದು ಲೆಕ್ಕ, ಎಲ್ಲ ಗೊತ್ತಿದ್ದೂ ಗಲ್ಲಾ ಮುಂದೆ ನಿಂತು ಎಣಿಸಿ ಎಣಿಸಿ ದುಡ್ಡು ಕೊಟ್ಟರೆ?

ಕೊಟ್ಟದ್ದು ಕ್ಯಾಪ್ ಥರದ್ದು. ಹೊರಗೆ ಬೂದು ಬಟ್ಟೆ, ಮುಂದೆ ಸಣ್ಣ ಕೊಕ್ಕು, ಗದ್ದಕ್ಕೆ ಪಟ್ಟಿ. ನೋಡೋಕೆ ಚೆಂದ, ನಿಜ. ರೇಸಿನವರ ಹೆಲ್ಮೆಟ್ ಹಾಕ್ಕೊಂಡು ಆಫೀಸ್ ಗೇಟಲ್ಲಿ ಇಳಿದರೆ ಓತಿಕ್ಯಾತ ಬಂದಹಾಗೆ ಕಾಣುತ್ತೆ ಅಂತ ಸಂಕೋಚಪಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಬಾಕ್ಸ್ ಮೇಲೆ ಬೆಳ್ಳಿ ಬಣ್ಣದ ಸ್ಟಿಕರ್: ಸಿಇ (ಯುರೋಪಿನ ನಿಯಮಕ್ಕೆ ಒಪ್ಪುತ್ತೆ ಅನ್ನೋ ಗುರುತು), ಇಎನ್ 1078. ರೇಟು ₹2,200. ಬಿಲ್ ಅಂತ ಕೈಗಿಟ್ಟದ್ದು 'ಎಸ್ಟಿಮೇಟ್' ಅಂತ ಬರೆದ ಹಳದಿ ಚೀಟಿ. ಜಿಎಸ್‌ಟಿ ಬಿಲ್ ಕೇಳಿದರೆ "18 ಪರ್ಸೆಂಟ್ ಮೇಲೆ ಬೀಳುತ್ತೆ ಸಾರ್" ಅಂದ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ ಅಂತ ಗೊತ್ತು. ಆದರೂ ಸುಮ್ಮನಾದದ್ದು ಮೊದಲ ತಪ್ಪು.

ಮನೆಗೆ ತಂದು ತೂಕಕ್ಕಿಟ್ಟರೆ 190 ಗ್ರಾಂ. ಅಲ್ಲೇ ಅನುಮಾನ ಬಂತು. ಪೇಟೆಯ ಓಡಾಟಕ್ಕೆ ಸಿಗುವ ಸಾಮಾನ್ಯ ಹೆಲ್ಮೆಟ್‌ಗಳು 250ರಿಂದ 400 ಗ್ರಾಂ ತೂಗುತ್ತವೆ. ಇನ್ನೂ ಹಗುರದ್ದು ಇಲ್ಲ ಅಂತಲ್ಲ, ಇದೆ, ಆದರೆ ಅದು ರೇಸಿನ ಮಾಲು, ಬೆಲೆಯೂ ಹಾಗೇ. ಹಿಂಭಾಗದ ಪ್ಯಾಡ್ ವೆಲ್ಕ್ರೋ ಸಮೇತ ಚರ್‍ರ್ ಅಂತ ಎದ್ದು ಬಂತು. ಕೆಳಗೆ ಹೊಲಿದ ಬಿಳಿ ಪಟ್ಟಿ, ಅರ್ಧ ಮಡಚಿ ಒಳಗೆ ತುರುಕಿದ್ದು. ಬಿಡಿಸಿದೆ. ಇಎನ್ 812. ಎರಡು ಸಲ ಓದಿದೆ. ಬಾಕ್ಸ್ ಮೇಲಿನ ಸ್ಟಿಕರ್ ನೋಡಿದೆ, 1078. ಮತ್ತೆ ಲೇಬಲ್ ನೋಡಿದೆ, 812. ಬಾಕ್ಸಿನ ಸ್ಟಿಕರನ್ನು ಉಗುರಿಂದ ಕೆರೆದರೆ ಅಡಿಯಲ್ಲಿ ಅಚ್ಚಾಗಿದ್ದ ಅಕ್ಷರ ಹೊರಬಂತು. ಅಲ್ಲೂ 812!

ಇಎನ್ 812 ಅಂದರೆ 'ಬಂಪ್ ಕ್ಯಾಪ್'ನ ಮಾನದಂಡ. ಗೋಡೌನಲ್ಲಿ, ಫ್ಯಾಕ್ಟರಿಯಲ್ಲಿ ಬಗ್ಗಿ ಏಳುವಾಗ ತಲೆ ಪೈಪಿಗೋ ಕಂಬಿಗೋ ತಗುಲಿದರೆ ನೆತ್ತಿ ಹರಿಯದಿರಲಿ ಅಂತ ಹಾಕುವ ಟೋಪಿ. ಮೇಲಿಂದ ಇಟ್ಟಿಗೆ ಬಿದ್ದರೂ ಅದು ತಡೆಯಲ್ಲ, ಅದಕ್ಕೆ ಸೈಟ್ ಹೆಲ್ಮೆಟ್ ಬೇರೆ ಇದೆ, ಅದರ ನಂಬರ್ ಇಎನ್ 397. ಬಂಪ್ ಕ್ಯಾಪಿನ ಪರೀಕ್ಷೆಯಲ್ಲಿ 5 ಕೆಜಿ ತೂಕವನ್ನು 25 ಸೆಂ.ಮೀ. ಎತ್ತರದಿಂದ ಅದರ ಮೇಲೆ ಬಿಡುತ್ತಾರೆ. ಇಪ್ಪತ್ತೈದು ಸೆಂಟಿಮೀಟರ್, ಅಂದರೆ ಒಂದು ಗೇಣು ಚಿಲ್ಲರೆ. ಹೊಡೆತದ ಶಕ್ತಿ 12 ಜೌಲ್‌ನಷ್ಟು.

ಇಎನ್ 1078ರಲ್ಲಿ ತಲೆಯಾಕಾರದ ಅಚ್ಚಿಗೆ ಹೆಲ್ಮೆಟ್ ತೊಡಿಸಿ, ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ ಚಪ್ಪಟೆ ಉಕ್ಕಿಗೆ ಬಡಿಸುತ್ತಾರೆ. ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಿದ್ದಷ್ಟು. ಫುಟ್‌ಪಾತ್ ಅಂಚಿನಂಥ ಮೂಲೆಗೂ ಸೆಕೆಂಡಿಗೆ 4.57 ಮೀಟರ್ ವೇಗದಲ್ಲಿ ಬಡಿಸುತ್ತಾರೆ. ಅಚ್ಚಿನೊಳಗೆ ಅಳೆದ ಜರ್ಕು 250 ಜಿ, ಅಂದರೆ ಗುರುತ್ವಾಕರ್ಷಣೆಯ 250 ಪಟ್ಟು, ದಾಟಬಾರದು. ಚಪ್ಪಟೆ ಉಕ್ಕಿನ ಹೊಡೆತದ ಶಕ್ತಿ ಹತ್ತಿರ ಹತ್ತಿರ 70 ಜೌಲ್, ಅಂದರೆ ಬಂಪ್ ಕ್ಯಾಪಿನದ್ದಕ್ಕೆ ಐದಾರು ಪಟ್ಟು. ಅಮೆರಿಕದ ಸಿಪಿಎಸ್‌ಸಿ ಮಾನದಂಡದಲ್ಲಿ ಚಪ್ಪಟೆ ಉಕ್ಕಿಗೆ 2 ಮೀಟರ್ ಎತ್ತರದಿಂದಲೇ ಬಿಡುತ್ತಾರೆ, ಅಲ್ಲಿ ಮಿತಿ 300 ಜಿ. ಇವೆರಡರಲ್ಲಿ ಯಾವುದಿದ್ದರೂ ಆಗುತ್ತೆ. 812 ಆಗಲ್ಲ. ಆಗಲ್ಲ ಅಂದರೆ ಆಗಲ್ಲ.

ಯಾಕೆ ಅಂದರೆ ನಿಲ್ಲೋಕೆ ಜಾಗ ಬೇಕು. ಬ್ರೇಕ್ ಹಾಕಿದ ಬಸ್ಸು ಹತ್ತಡಿ ಮುಂದೆ ಹೋಗಿ ನಿಂತರೆ ಒಳಗಿದ್ದವರು ಮುಗ್ಗರಿಸ್ತಾರೆ ಅಷ್ಟೆ, ಗೋಡೆಗೆ ಗುದ್ದಿ ನಿಂತರೆ ಕಥೆ ಬೇರೆ. ತಲೆಗೂ ಅಷ್ಟೆ. ಹೆಲ್ಮೆಟ್ ಒಳಗಿನ ಇಪಿಎಸ್ ನೊರೆ, ನಾವು ಥರ್ಮಾಕೋಲ್ ಅನ್ನೋದು, 20ರಿಂದ 30 ಮಿ.ಮೀ. ದಪ್ಪ ಇರೋದು ಅದಕ್ಕೇ: ತಾನು ಜಜ್ಜಿಹೋಗಿ ತಲೆಗೆ ನಿಲ್ಲೋಕೆ ಜಾಗ ಕೊಡುತ್ತೆ. ಟಿವಿ ಬಾಕ್ಸಿನ ಥರ್ಮಾಕೋಲಿಗಿಂತ ಇದು ಮೂರ್ನಾಲ್ಕು ಪಟ್ಟು ಸಾಂದ್ರ, ಗಟ್ಟಿ. ನನಗೆ ಮಾರಿದ ಮಹಾವಸ್ತುವಿನ ಒಳಗೆ ಏನಿತ್ತು ಗೊತ್ತಾ? ತೆಳು ಪ್ಲಾಸ್ಟಿಕ್ ಚಿಪ್ಪು, ಅದಕ್ಕೆ ಅಂಟಿಸಿದ 6 ಮಿ.ಮೀ. ಸ್ಪಂಜಿನ ಹಾಳೆ. ಹವಾಯಿ ಚಪ್ಪಲಿ ಅಟ್ಟೆ ಇದಕ್ಕಿಂತ ದಪ್ಪ ಇರುತ್ತೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತೆ, ಬಿಟ್ಟರೆ ವಾಪಸ್ ಬರುತ್ತೆ. ನಿಜವಾದ ಇಪಿಎಸ್ ಹಾಗೆ ಮೆತ್ತಗಿರಲ್ಲ, ಬೆರಳಿಗೆ ಗಟ್ಟಿಯಾಗಿ ಸಿಗುತ್ತೆ.

ಮಾರನೇ ದಿನ ವಾಪಸ್ ಹೋದೆ. ಅಂಗಡಿಯವರ ಉತ್ತರಗಳನ್ನು ಇದ್ದಹಾಗೇ ಹಾಕ್ತೀನಿ.

"ಸಾರ್, ಸಿಇ ಇದೆಯಲ್ಲ, ಇನ್ನೇನು ಬೇಕು?" ಸಿಇ ಅನ್ನೋದು ಗೋಡೌನಿನ ಟೋಪಿಗೂ ಇರುತ್ತೆ, ತಂಪು ಕನ್ನಡಕಕ್ಕೂ ಇರುತ್ತೆ. ಪಕ್ಕದಲ್ಲಿ ಯಾವ ನಂಬರ್ ಇದೆ ಅನ್ನೋದೇ ಮಾತು.

"ಹೆಲ್ಮೆಟ್ ಅಂದ್ರೆ ಹೆಲ್ಮೆಟ್ಟೇ ಸಾರ್. ಸೈಕಲ್ಲಲ್ಲಿ ಎಷ್ಟು ಸ್ಪೀಡ್ ಹೋಗ್ತೀರ, ಅದಕ್ಕೆ ಇಷ್ಟು ಸಾಕು." ಸೈಕಲ್ ನಿಂತಲ್ಲೇ ವಾಲಿ ಬಿದ್ದರೂ ತಲೆ ಆ ಒಂದೂವರೆ ಮೀಟರ್ ಕೆಳಗೆ ಬರುತ್ತೆ ಕಣಪ್ಪ. ಪರೀಕ್ಷೆಯ ಆ ಸೆಕೆಂಡಿಗೆ 5.42 ಮೀಟರ್ ಅಂದರೆ ಗಂಟೆಗೆ ಹತ್ತೊಂಬತ್ತೂವರೆ ಕಿಲೋಮೀಟರ್, ಅದು ಪೆಡಲ್ ತುಳಿದ ವೇಗ ಅಲ್ಲ, ಬಿದ್ದ ವೇಗ.

"ಪ್ಯಾಡ್ ತೆಗೆದುಬಿಟ್ಟಿದ್ದೀರ, ರಿಟರ್ನ್ ಆಗಲ್ಲ." ಪ್ಯಾಡ್ ತೆಗೆಯದೆ ಲೇಬಲ್ ಓದೋದು ಹೇಗೆ ಅಂತ ಕೇಳಿದ್ದಕ್ಕೆ, "ಲೇಬಲ್ ಯಾರ್ ಸಾರ್ ಓದ್ತಾರೆ?"

ಈ ಮಾತಿಗೆ ಸಿಟ್ಟಿಗಿಂತ ನಾಚಿಕೆ ಆಯ್ತು. ಅವನು ಹೇಳಿದ್ದು ನಿಜ. ಅಂಗಡಿಯಲ್ಲೇ ನಾನೂ ಓದಿರಲಿಲ್ಲ.

ಆಮೇಲೆ ಓನರ್ ಬಂದ್ರು. "ಎಕ್ಸ್‌ಚೇಂಜ್ ಮಾಡ್ಕೊಡೋಣ ಬಿಡಿ, ₹900 ಸೇರಿಸಿ, ಮಿಪ್ಸ್ ಇರೋ ಪ್ರೀಮಿಯಂ ಪೀಸ್ ತಗೊಳ್ಳಿ." ಹೊರಗೆ ಹಳದಿ ದುಂಡು ಸ್ಟಿಕರ್, ಒಳಗೆ ಹಳದಿ ಪ್ಲಾಸ್ಟಿಕ್ ಬಲೆ. ತಲೆ ಓರೆಯಾಗಿ ನೆಲಕ್ಕೆ ಬಡಿದಾಗ ಮಿದುಳಿಗೆ ಬೀಳುವ ತಿರುಚು ಕಡಿಮೆ ಮಾಡೋಕೆ ಸ್ವೀಡನ್ನಿನವರು ಮಾಡಿದ ಏರ್ಪಾಡು ಮಿಪ್ಸ್. ಒಳಪದರ ಸಣ್ಣ ರಬ್ಬರ್ ತುಂಡುಗಳಿಂದ ಜೋತುಕೊಂಡಿದ್ದು, ಹೊರಚಿಪ್ಪು ಹಿಡಿದು ತಿರುವಿದರೆ ಎಲ್ಲ ದಿಕ್ಕಿಗೂ 10–15 ಮಿ.ಮೀ. ಜಾರಬೇಕು. ತಿರುವಿ ನೋಡಿದೆ. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಬಲೆಯನ್ನು ನಾಲ್ಕು ಕಡೆ ಗ್ಲೂ ಗನ್ನಿನ ಅಂಟಿಂದ ಕೂರಿಸಿದ್ದರು, ಅಂಟಿನ ಎಳೆ ಇನ್ನೂ ನೇತಾಡ್ತಿತ್ತು.

ಅದನ್ನು ತೋರಿಸಿದೆ. ಅದಕ್ಕೆ ಬಂದ ಉತ್ತರ ಕೇಳಿ: "ನಿಮಗೆ ಐಎಸ್‌ಐ ಬೇಕಾ? ಹೇಳಿ, ಅದನ್ನೂ ಹಾಕ್ಕೊಡ್ತೀವಿ."

ಹಾಕ್ಕೊಡ್ತಾರಂತೆ! ಡ್ರಾಯರಿಂದ ಒಂದು ಶೀಟ್ ತೆಗೆದ್ರು, ಸಾಲುಸಾಲು ಐಎಸ್‌ಐ ಸ್ಟಿಕರ್, ಐಎಸ್ 4151. ಹಬ್ಬಕ್ಕೆ ಬಿಂದಿ ಶೀಟ್ ತೋರಿಸಿದ ಹಾಗೆ. ಐಎಸ್ 4151 ಅನ್ನೋದು ಬೈಕು, ಸ್ಕೂಟರ್ ಹೆಲ್ಮೆಟ್ಟಿನ ನಂಬರ್. 2021ರ ಜೂನ್‌ನಿಂದ ಕಡ್ಡಾಯವಾದದ್ದೂ ಅವಕ್ಕೇ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಕೂಡ ಮೋಟಾರ್ ಗಾಡಿಯವರಿಗೆ ಮಾತ್ರ. ಸೈಕಲ್ ಸವಾರನನ್ನು ಯಾವ ಪೊಲೀಸೂ ಕೇಳಲ್ಲ, ಆ ಸಂದಿಯಲ್ಲೇ ಈ ವ್ಯಾಪಾರ ನಡೀತಿರೋದು. ತೂತುತೂತಾದ ಸೈಕಲ್ ಹೆಲ್ಮೆಟ್ ಮೇಲೆ 4151 ಕಂಡರೆ ಸ್ಟಿಕರ್ ಸುಳ್ಳು ಅಂತಲೇ ತಿಳ್ಕೊಳ್ಳಿ. ಅಸಲಿ ಐಎಸ್‌ಐ ಗುರುತಿನ ಮೇಲೆ ಐಎಸ್ ನಂಬರು, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು ಇರುತ್ತೆ. ಅದನ್ನು ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದರೆ ಕಂಪನಿ ಹೆಸರು ಬರುತ್ತೆ. ಆ ಶೀಟಲ್ಲಿ ಸಿಎಂ/ಎಲ್ ಜಾಗ ಖಾಲಿ.

(ಹಾಗಾದರೆ ಸ್ಕೂಟರ್ ಹೆಲ್ಮೆಟ್ಟೇ ಹಾಕ್ಕೊಂಡು ಸೈಕಲ್ ತುಳಿಯಬಹುದಾ ಅಂತ ಕೇಳುವವರಿಗೆ: ಈ ಟೋಪಿಗಿಂತ ಸಾವಿರ ಪಾಲು ಮೇಲು. ಆದರೆ 1.2 ಕೆಜಿ ತನಕ ತೂಗುತ್ತೆ, ಗಾಳಿ ಆಡಲ್ಲ, ಏಪ್ರಿಲ್‌ನಲ್ಲಿ ಒಂದು ಫ್ಲೈಓವರ್ ಹತ್ತೋದ್ರಲ್ಲಿ ಬೇಡವಾಗುತ್ತೆ.)

ಇನ್ನು ತಗೊಳ್ಳೋರಿಗೆ. ಟೇಲರ್ ಟೇಪಿಂದ ಹುಬ್ಬಿಗಿಂತ ಎರಡು ಬೆರಳು ಮೇಲೆ, ಹಿಂದೆ ಬುರುಡೆ ಉಬ್ಬಿರುವ ಕಡೆ ಸುತ್ತಿ ಅಳೆಯಿರಿ. ಲೇಬಲಲ್ಲಿ ಕಂಪನಿ ಹೆಸರು, ಮಾಡೆಲ್, ಇಎನ್ 1078, ಸೆಂ.ಮೀ.ಯಲ್ಲಿ ಸೈಜು, ಗ್ರಾಂನಲ್ಲಿ ತೂಕ, ತಯಾರಾದ ವರ್ಷ, ಇಷ್ಟೂ ಇರಬೇಕು. ಲೇಬಲ್ಲು ಒಳಗೇ ಇರಬೇಕು, ಬಾಕ್ಸಿನದ್ದು ಲೆಕ್ಕಕ್ಕಿಲ್ಲ. 'ಫ್ರೀ ಸೈಜ್' ಅಂದರೆ ಎದ್ದು ಬನ್ನಿ: ಹಿಂದಿನ ತಿರುಗುಬಟನ್ ನಾಲ್ಕೈದು ಸೆಂ.ಮೀ. ಹೊಂದಿಸುತ್ತೆ, 50ರಿಂದ 62 ಹೊಂದಿಸಲ್ಲ. ಹಾಕ್ಕೊಂಡಾಗ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ ನೇರ ಕೂರಬೇಕು, ಹಣೆ ಪೂರ್ತಿ ಬಿಟ್ಟು ಹಿಂದಕ್ಕೆ ಜಾರಿಸಿಕೊಂಡವರೇ ಜಾಸ್ತಿ. ಎರಡು ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದೇ ಬೆರಳು ಹೋಗಬೇಕು. ಪಟ್ಟಿ ಹಾಕದೆ ಬಟನ್ ಮಾತ್ರ ಬಿಗಿ ಮಾಡಿ ತಲೆ ಬಗ್ಗಿಸಿ ಕೊಡವಿ, ಬಿದ್ದರೆ ಸೈಜ್ ತಪ್ಪು. ಜಡೆಯವರು ಕ್ಲಿಪ್ ತೆಗೆದು, ಜಡೆ ಬಟನ್ನಿನ ಕೆಳಗೆ ಬರುವ ಹಾಗೆ ನೋಡಿ. ತುರುಬಿನ ಮೇಲೆ ಯಾವ ಹೆಲ್ಮೆಟ್ಟೂ ಕೂರಲ್ಲ.

ಒಂದು ಸಲ ಬಿದ್ದು ಪೆಟ್ಟು ತಿಂದದ್ದು ಮುಗೀತು, ಹೊರಗೆ ಗೀರೂ ಕಾಣದಿರಬಹುದು, ಒಳಗೆ ನೊರೆ ಜಜ್ಜಿರುತ್ತೆ. ಸೆಕೆಂಡ್‌ಹ್ಯಾಂಡ್ ಬೇಡ. ಥಿನ್ನರ್, ಪೆಟ್ರೋಲ್ ಹಾಕಿ ಒರೆಸಬೇಡಿ, ಇಪಿಎಸ್ ಕರಗುತ್ತೆ. ಬಿಸಿಲಲ್ಲಿ ನಿಂತ ಕಾರಿನ ಹಿಂದಿನ ಗಾಜಿನ ಕೆಳಗೂ ಇಡಬೇಡಿ.

ದುಡ್ಡು ಕೊಡೋ ಮುಂಚೆ ಪಕ್ಕಾ ಬಿಲ್ ತಗೊಳ್ಳಿ, ಅದರಲ್ಲಿ 'ಸೈಕಲ್ ಹೆಲ್ಮೆಟ್, ಇಎನ್ 1078' ಅಂತ ಬರೆಸಿ. ಬರೆಯೋಕೆ ಹಿಂದೇಟು ಹಾಕಿದ್ರೆ ಉತ್ತರ ಸಿಕ್ಕಿತು. ನನ್ನ ಹಳದಿ ಚೀಟಿಯಲ್ಲಿ ಇರೋದು 'ಐಟಂ 1, 2200'. ಅದನ್ನೇ ಇಟ್ಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ಬಾಕ್ಸಿನ ಸ್ಟಿಕರ್ ಕೆರೆದ ಫೋಟೊ ಸಮೇತ. ಗ್ರಾಹಕ ಆಯೋಗಕ್ಕೆ ಹೋದರೂ ಐದು ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ.

ನಿನ್ನೆ ಸಂಜೆ ಅಂಗಡಿಯಿಂದ ವಾಟ್ಸ್ಆ್ಯಪ್ ಬಂತು: "ಸರ್ ₹500 ವಾಪಸ್ ಕೊಡ್ತೀವಿ, ಪೀಸ್ ನೀವೇ ಇಟ್ಕೊಳ್ಳಿ, ಕಂಪ್ಲೇಂಟ್ ತೆಗೆಸಿ." ತೆಗೆಸಿಲ್ಲ. ಪೀಸು ಅಟ್ಟದ ಏಣಿಯ ಪಕ್ಕ ಮೊಳೆಗೆ ನೇತುಹಾಕಿದೆ. ಮೇಲೆ ಹತ್ತುವಾಗ ತೊಲೆಗೆ ತಲೆ ಹೊಡೀತಿತ್ತು, ಅದಕ್ಕಾದರೆ ಸರಿಯಾಗಿ ಕೆಲಸ ಮಾಡುತ್ತೆ.