ಮಾಳಿಗೆ ಮೇಲಿನ ಕ್ಲಾಸು ಸರಿ, ಬ್ರಾಹ್ಮಿ ಡಬ್ಬಿ ಬೇಡ

ನನಗೆ 49. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ವರ್ಷ ಮಾಲು ತಂದ ಹುಡುಗನ ಮುಂದೆ ನಿಂತು 'ಜಿಪ್' ಅನ್ನೋ ಪದವೇ ನೆನಪಾಗದೆ, ಕೈಯಲ್ಲಿ ಮೇಲೆ ಕೆಳಗೆ ಎಳೆದು ತೋರಿಸಿದೆ. ದಿನಾ ಬಿಲ್ಲಿನಲ್ಲಿ ಬರೆಯುವ ಪದ! ಅವನು ನಕ್ಕ. ನನಗೆ ನಗು ಬರಲಿಲ್ಲ. ನಮ್ಮಮ್ಮ ಕೊನೆಗೆ ನನ್ನ ಹೆಸರನ್ನೇ ಮರೆತಿದ್ದರು.

ಡಾಕ್ಟರಮ್ಮ ಮೊದಲು ಥೈರಾಯ್ಡ್ ಮತ್ತು ಬಿ12 ನೋಡಿಸಿದರು. ಬಿ12 ಕಮ್ಮಿ ಇತ್ತು, ಇಂಜೆಕ್ಷನ್ ಆಯಿತು. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಅನ್ನೋ ಹಾರ್ಮೋನು ಏರಿಳಿಯುತ್ತೆ, ರಾತ್ರಿ ಬೆವರಿ ನಿದ್ದೆ ಕೆಡುತ್ತೆ, ಹೀಗೆ ಪದ ತಪ್ಪುವುದು ಬಹಳ ಜನಕ್ಕೆ ಆಗುತ್ತೆ, ಇದು ಅಮ್ಮನ ಕಾಯಿಲೆ ಅಲ್ಲ ಎಂದರು. ವಾರಕ್ಕೆ 150 ನಿಮಿಷವಾದರೂ ಮೈ ಬೆವರುವ ಹಾಗೆ ನಡೆ ಎಂದೂ ಹೇಳಿದರು.

ಹಾಗೆ ಸೇರಿದ್ದು ಗಾಂಧಿನಗರದ ಈ ಹೆಂಗಸರ ಯೋಗ ಕ್ಲಾಸಿಗೆ. ಬೆಳಿಗ್ಗೆ 6ರಿಂದ 7, ತಿಂಗಳಿಗೆ 700 ರೂಪಾಯಿ. ಬರೀ ಕಣ್ಣು ಮುಚ್ಚಿ ಕೂರಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಕುರ್ಚಿಯಿಂದ ಎದ್ದು ಕೂರುವುದು 15 ಸಲ, ಮರಳು ತುಂಬಿದ ನೀರಿನ ಬಾಟಲಿ ಎತ್ತುವುದು, ಆಮೇಲೆ ಸೂರ್ಯ ನಮಸ್ಕಾರ. ಮೊದಲ ವಾರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೇ ಇಳಿದೆ. "ಅಕ್ಕಾ, ಸಾವಕಾಶ ಮಾಡ್ರೀ, ಯಾರೂ ಓಡಿಸಾಕತ್ತಿಲ್ಲ" ಎನ್ನುತ್ತಾರೆ ಟೀಚರ್. ಕೊನೆಯ 10 ನಿಮಿಷ ನಿಧಾನ ಉಸಿರಾಟ. ರಾತ್ರಿ 3ಕ್ಕೆ ಎಚ್ಚರವಾದಾಗ ನನ್ನ ಕೈ ಹಿಡಿದದ್ದು ಅದೇ.

ಒಂದು ದೂರು ಇದೆ. ಏಪ್ರಿಲ್‌ನಲ್ಲಿ ಆ ಮಾಳಿಗೆ ಏಳಕ್ಕೇ ಹೆಂಚು. ಮೈಗೆ ಹತ್ತಿದ ಬಿಸಿ ಒಳಗಿನದೋ ಬಳ್ಳಾರಿದೋ ಗೊತ್ತಾಗಲ್ಲ. ಒಂದು ಫ್ಯಾನ್ ಇಟ್ಟರೆ ಗಂಟೇನೂ ಹೋಗಲ್ಲ, ಅಲ್ವಾ?

ಇನ್ನೊಂದು, ಆ ಡಬ್ಬಿ. ಎರಡನೇ ತಿಂಗಳಲ್ಲಿ ಕ್ಲಾಸಿನಲ್ಲೇ 'ನೆನಪಿಗೆ' ಅಂತ 850 ರೂಪಾಯಿಯ ಪುಡಿ ಮಾರಿದರು. ಮೇಲೆ ಬರೀ 'ಬ್ರಾಹ್ಮಿ' ಎಂದಿತ್ತು. ಯಾವ ಬ್ರಾಹ್ಮಿ? ಒಂದೆಲಗಕ್ಕೂ ಹಾಗೇ ಅಂತಾರೆ, ನೀರುಬ್ರಾಹ್ಮಿಗೂ ಹಾಗೇ. ಎರಡೂ ಬೇರೆ ಬೇರೆ ಗಿಡ. ಕೇಳಿದರೆ "ಎಲ್ಲಾ ಒಂದೇ ರೀ" ಎಂದರು. ನೀರುಬ್ರಾಹ್ಮಿಯ ಮೇಲೆ ಸಣ್ಣ ಪ್ರಯೋಗಗಳು ನಡೆದಿವೆ, ಅದೂ ವಾರಗಟ್ಟಲೆ ತಿಂದವರ ಮೇಲೆ. ಕೆಲವರಿಗೆ ಅದು ಹೊಟ್ಟೆ ಕೆಡಿಸುತ್ತೆ. ನನಗೆ ನಾಲ್ಕೇ ದಿನಕ್ಕೆ ಕೆಡಿಸಿತು. ಡಬ್ಬಿ ಈಗ ಗುಂಡಿ ಹಾಕಿಡಲು ಚೆನ್ನಾಗಿದೆ.

ಆರು ತಿಂಗಳಾಯಿತು. ಪದ ಈಗಲೂ ಒಮ್ಮೊಮ್ಮೆ ತಪ್ಪುತ್ತೆ, ಆದರೆ ಬೇಗ ಸಿಗುತ್ತೆ. ಇಂಜೆಕ್ಷನ್ನೋ, ನಿದ್ದೆಯೋ, ಬಾಟಲಿಯೋ, ಯಾವುದರ ಪುಣ್ಯ ಅಂತ ಹೇಳಲಾರೆ. ರಾತ್ರಿಯ ಮಿರ್ಚಿ ಮಂಡಕ್ಕಿಯನ್ನು ಸಂಜೆ 5ಕ್ಕೆ ತಂದಿದ್ದೇನೆ. ಖಾರ ತಿಂದು ಮಲಗಿದರೆ ಬೆವರು ಜಾಸ್ತಿ. ಪೂರ್ತಿ ಬಿಡು ಅಂದರೆ ಆಗಲ್ಲ.

ಕ್ಲಾಸಿಗೆ ನಾಲ್ಕು ಸ್ಟಾರ್. ಚಾಪೆ ನೀವೇ ಒಯ್ಯಿರಿ, ಅಲ್ಲಿನದು ಹರಿದಿದೆ.