ಟಕಟೋಕು ಪೆಟ್ಟಿಗೆಯೊಳಗೆ ಬಂಡೈ ವಾಲ್ಕಿರಿ: ದುಡ್ಡು ಕಟ್ಟುವ ಮುಂಚೆ ಓದಿ

ಹಳೆ ವಾಲ್ಕಿರಿ ಆಟಿಕೆ ಹುಡುಕುತ್ತಿರುವ ಗೆಳೆಯರೇ, ಪೆಟ್ಟಿಗೆಯ ಫೋಟೋ ನೋಡಿ ಮಾತ್ರ ದುಡ್ಡು ಕಟ್ಟಬೇಡಿ. ನಾನು ಕಟ್ಟಿದೆ. ಕಸ್ಟಮ್ಸ್ ಸುಂಕ ಸೇರಿ 38 ಸಾವಿರ ರೂಪಾಯಿ ಹೋಯಿತು.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಜಪಾನಿನಲ್ಲಿ ಮ್ಯಾಕ್ರಾಸ್ ಅನ್ನುವ ಕಾರ್ಟೂನ್ ಧಾರಾವಾಹಿ ಶುರುವಾಗಿದ್ದು 1982ರಲ್ಲಿ. ಅದರ ವಿಎಫ್-1 ಯುದ್ಧವಿಮಾನ, ಅಂದರೆ ವಾಲ್ಕಿರಿ, ಮಡಚಿಕೊಂಡು ರೋಬೋ ಆಗುತ್ತದೆ. ಅದರ 1/55 ಅಳತೆಯ ಆಟಿಕೆ ಮಾಡಿದ್ದು ಟಕಟೋಕು ಟಾಯ್ಸ್. 1984ರಲ್ಲಿ ಆ ಕಂಪನಿ ದಿವಾಳಿಯಾಯಿತು, ಅಚ್ಚುಗಳು ಬಂಡೈ ಅನ್ನುವ ಇನ್ನೊಂದು ಆಟಿಕೆ ಕಂಪನಿಯ ಕೈಸೇರಿದವು. 1985ರಲ್ಲಿ ಹ್ಯಾಸ್ಬ್ರೋ ಇದೇ ಆಟಿಕೆಯನ್ನು ಜೆಟ್‌ಫೈರ್ ಅಂತ ಟ್ರಾನ್ಸ್‌ಫಾರ್ಮರ್ಸ್ ಸಾಲಿನಲ್ಲಿ ಮಾರಿತು. 2000ದ ದಶಕದ ಶುರುವಿನಲ್ಲಿ ಬಂಡೈ ಮತ್ತೆ ಮಾರುಕಟ್ಟೆಗೆ ತಂದಿತು. ದೂರದಿಂದ ನೋಡಿದರೆ ಎಲ್ಲ ಒಂದೇ. ಬೆಲೆ ಮಾತ್ರ ಒಂದೇ ಅಲ್ಲ. ಮೋಸಕ್ಕೆ ಜಾಗ ಸಿಗುವುದು ಅಲ್ಲೇ.

ನನಗೆ ಬೇಕಿದ್ದದ್ದು ಟಕಟೋಕು ಮಾಡಿದ ವಿಎಫ್-1ಜೆ, ವಿಎಫ್-1ರ ಒಂದು ಮಾದರಿ. ಜಪಾನಿನ ಆನ್‌ಲೈನ್ ಹರಾಜೊಂದರಲ್ಲಿ ಕಂಡಿತು. ಏಜೆಂಟ್ ಮೂಲಕ ಬಿಡ್ ಹಾಕಿಸಿದೆ. ಐದು ಫೋಟೋಗಳಲ್ಲಿ ಮೂರು ಪೆಟ್ಟಿಗೆಯದ್ದೇ. ಆಗಲೇ ಅನುಮಾನ ಬರಬೇಕಿತ್ತು ಅಲ್ವಾ? ಬರಲಿಲ್ಲ. ಅಷ್ಟು ವರ್ಷ ಕಾದಿದ್ದೆ.

ಪಾರ್ಸೆಲ್ ಬಂದ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದೆ. ಎಡಗಾಲು ಹಳೆ ದಂತದ ಬಣ್ಣ. ಬಲಗಾಲು ಸುಣ್ಣ ಹೊಡೆದ ಗೋಡೆಯಷ್ಟು ಬಿಳುಪು. ಗರ್‌ವಾಕ್ ಅನ್ನುವ ಅರ್ಧ ವಿಮಾನ, ಅರ್ಧ ರೋಬೋ ರೂಪಕ್ಕೆ ತರೋಣ ಅಂತ ಕಾಲನ್ನು ಮುಂದಕ್ಕೆ ಮಡಚಿದೆ. ಬಲಗಾಲಿನ ಕೀಲಿನ ಹತ್ತಿರ ಟಕ್ ಅಂತ ಸದ್ದಾಯಿತು. ಕೂದಲೆಳೆಯಷ್ಟು ಬಿರುಕು. ಆಮೇಲೆ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ಪ್ಲಾಸ್ಟಿಕ್ ಮೇಲಿನ ಸಣ್ಣ ಅಚ್ಚಕ್ಷರ ಓದಿದೆ. ಬಂಡೈ ಅಂತಿತ್ತು. ಪೆಟ್ಟಿಗೆ ಟಕಟೋಕುದು, ಮೈ ಬಂಡೈದು, ಒಂದು ಕಾಲು ಇನ್ನೊಂದು ಆಟಿಕೆಯದ್ದು.

ಆ ಬಿಳುಪೂ ಸುಳ್ಳೇ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಟ್ಟರೆ ಹಳದಿಯಾದ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಆದರೆ ಹಳದಿ ವಾಪಸ್ ಬರಬಹುದು. ನನ್ನದು ಮೂರೇ ತಿಂಗಳಲ್ಲಿ ಕಪಾಟಿನೊಳಗೇ ಮಚ್ಚೆ ಮಚ್ಚೆಯಾಗಿ ಹಳದಿ ತಿರುಗಿತು. ನಲವತ್ತು ವರ್ಷದ ಬಿಳಿ ಪ್ಲಾಸ್ಟಿಕ್ ಹಳದಿಯಾಗುವುದು ಸಹಜ, ಅದಕ್ಕೆ ಹೆದರಬೇಡಿ. ತೀರಾ ಬೆಳ್ಳಗಿದ್ದರೆ ಯಾಕೆ ಅಂತ ಕೇಳಿ.

ಏಜೆಂಟ್‌ಗೆ ಬರೆದೆ. ವಿವರಣೆಯಲ್ಲಿ 'ಗೆಂಜೋಹಿನ್' ಅಂತ ಇತ್ತಂತೆ, ಅಂದರೆ ಇರುವ ಸ್ಥಿತಿಯಲ್ಲೇ ಮಾರುವ ಮಾಲು. ಕೆಳಗೆ 'ನೋ ಕ್ಲೇಮ್, ನೋ ರಿಟರ್ನ್' ಕೂಡ. ನಾನು ಯಂತ್ರಾನುವಾದ ನಂಬಿ ಮೇಲೆ ಮೇಲೆ ಓದಿದ್ದೆ. ಈ ಎರಡು ಮಾತು ಕಂಡರೆ ಜಪಾನೀಸ್ ಬಲ್ಲವರಿಂದ ಪೂರ್ತಿ ಓದಿಸಿ.

ಮಾರುವವರಿಂದ ಅಚ್ಚಕ್ಷರಗಳ ಹತ್ತಿರದ ಫೋಟೋ ಕೇಳಿ. ಎರಡೂ ಕಾಲು, ಎರಡೂ ರೆಕ್ಕೆ ಒಟ್ಟಿಗಿಟ್ಟು, ಫ್ಲ್ಯಾಶ್ ಇಲ್ಲದೆ ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ. ಕೀಲುಗಳದ್ದೂ ಬೇಕು. ಕೊಡಲ್ಲ ಅಂದರೆ ಎಷ್ಟೇ ಆಸೆಯಾದರೂ ಬಿಟ್ಟುಬಿಡಿ.

ನಾನು ಇದನ್ನು ಯಾರಿಗೂ ಮಾರುವುದಿಲ್ಲ. ಮುಂದೆ ಯಾರ ಕೈಗಾದರೂ ಹೋದರೆ ಗೊತ್ತಾಗಲಿ ಅಂತ ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟಿದ್ದೇನೆ: 'ಮೈ ಬಂಡೈದು, ಬಲಗಾಲು ಬೇರೆ ಆಟಿಕೆಯದ್ದು, ಕೀಲು ಬಿರುಕು ಬಿಟ್ಟಿದೆ.'